ಹಳೆಯ ಪುಟ, ಹೊಸ ತಾರೀಕು

ಬಣ್ಣದ ಕಾರ್ಖಾನೆಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಅನುಮಾನದಕ್ಕ’ ಎಂದು. ಮನೆಗೆ ಬೀಗ ಹಾಕಿ ಬಸ್‌ಸ್ಟಾಪಿನವರೆಗೂ ಬಂದು, ಮತ್ತೆ ವಾಪಸ್ ಹೋಗಿ ಬೀಗ ಜಗ್ಗಿ ನೋಡುವ ಸ್ವಭಾವ ಅವಳದು. ಟೈಪಿಸ್ಟಾಗಿ ಸೇರಿದವಳು, ಕಂಪ್ಯೂಟರ್ ಬಂದ ಮೇಲೆ ತಾನೇ ಕಲಿತು, ಕಾರ್ಖಾನೆಯ ಒಳಗಿನ ವೆಬ್‌ಸೈಟನ್ನು ನೋಡಿಕೊಳ್ಳುವ ಕೆಲಸಕ್ಕೆ ಏರಿದ್ದಳು. ಯಂತ್ರ ಹೇಗೆ ನಡೆಸಬೇಕು, ಬಣ್ಣ ಬೆರೆಸುವ ಆಳದ ತೊಟ್ಟಿಗಳನ್ನು ಹೇಗೆ ತೊಳೆಯಬೇಕು ಎಂಬ ಸೂಚನೆಗಳೆಲ್ಲ ಅದರಲ್ಲೇ ಇದ್ದವು. ಕೆಲಸಗಾರರು ಬೇಕಾದ ಪುಟವನ್ನು ಪ್ರಿಂಟ್ ತೆಗೆದು, ಅದರಂತೆ ನಡೆಯುತ್ತಿದ್ದರು. ತೊಟ್ಟಿ ತೊಳೆಯುವ ತಂಡಕ್ಕೆ ಅವಳ ಅಕ್ಕನ ಗಂಡನೇ ಮೇಸ್ತ್ರಿ. ಆ ಕೆಲಸಕ್ಕೆ ಹೊಸಬ.

ವೆಬ್‌ಸೈಟಿನ ಹಳೆಯ ಆವೃತ್ತಿ ನಿಲ್ಲುವುದರಲ್ಲಿತ್ತು. ಪುಟಗಳನ್ನೆಲ್ಲ ಹೊಸ ಆವೃತ್ತಿಗೆ ಸಾಗಿಸಲು ಒಂದು ಸಾಫ್ಟ್‌ವೇರ್ ತರಿಸಿದರು.

“ಸ್ವಲ್ಪ ದಿನ ಎರಡನ್ನೂ ಇಟ್ಟು ತಾಳೆ ನೋಡೋಣ ಸಾರ್,” ಎಂದಳು.

ಮ್ಯಾನೇಜರ್ ನಕ್ಕ. “ನೀವು ಬಿಡಿ, ಊಟ ಆದ್ಮೇಲೂ ಹೊಟ್ಟೆ ಮುಟ್ಟಿ ನೋಡ್ಕೊಳ್ಳೋರು. ಸೋಮವಾರ ಹೊಸದೇ ಶುರುವಾಗ್ಲಿ.”

ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಪುಟಗಳೂ ಸರಿಯಾಗಿ ಬಂದಿವೆ ಎಂದು ಸಾಫ್ಟ್‌ವೇರ್ ಹೇಳುತ್ತಿತ್ತು. ಮನಸ್ಸು ತಡೆಯದೆ ಒಂದೊಂದನ್ನೇ ತೆರೆದಳು. ಎಲ್ಲಕ್ಕೂ ಒಂದೇ ತಾರೀಕು, ಸಾಗಿಸಿದ ದಿನದ್ದು. ಹಳೆಯದು ಯಾವುದು, ತಿದ್ದಿದ್ದು ಯಾವುದು ತಿಳಿಯುವಂತಿರಲಿಲ್ಲ. ತೊಟ್ಟಿಯ ಪುಟ ತೆರೆದಳು. ಒಳಗಿಳಿಯುವ ಮುಂಚೆ ವಿಷಗಾಳಿ ತುಂಬಿದೆಯೇ ಎಂದು ಮೀಟರಿನಿಂದ ಪರೀಕ್ಷಿಸಬೇಕು ಎಂಬ ಸಾಲೇ ಇಲ್ಲ! ಹೋದ ವರ್ಷ ಸೇರಿಸಿದ ಸಾಲು ಅದು. ಸಾಫ್ಟ್‌ವೇರ್ ಅದಕ್ಕೂ ಹಿಂದಿನ ಪುಟವನ್ನು ಹೊತ್ತು ತಂದಿತ್ತು. ಆ ಪುಟ ಬೆಳಿಗ್ಗೆಯೇ ತೊಟ್ಟಿಯ ಶೆಡ್ಡಿನಲ್ಲಿ ಪ್ರಿಂಟ್ ಆಗಿದ್ದನ್ನೂ ಕಂಪ್ಯೂಟರ್ ತೋರಿಸುತ್ತಿತ್ತು.

ತೊಟ್ಟಿಗಳ ಹತ್ತಿರ ಬೆಂಕಿಯ ಭಯಕ್ಕೆ ಮೊಬೈಲ್ ಒಯ್ಯುವಂತಿಲ್ಲ. ಅಲ್ಲಿನ ಶೆಡ್ಡಿನ ಫೋನು ಬಡಿದುಕೊಂಡರೂ ಯಾರೂ ಎತ್ತಲಿಲ್ಲ. ಚಪ್ಪಲಿ ಬಿಟ್ಟು ಓಡಿದಳು. ಡ್ರಮ್ಮುಗಳ ಸಂದಿಯಲ್ಲಿ ನುಸುಳುವಾಗ ತಗಡಿನ ಅಂಚಿಗೆ ಮೊಣಕೈ ಕೊಯ್ದದ್ದೂ ತಿಳಿಯಲಿಲ್ಲ.

ಭಾವ ತೊಟ್ಟಿಯ ಬಾಯಿಯ ಬಳಿ ಹಗ್ಗ ಹಿಡಿದು ನಿಂತಿದ್ದ. ಪಕ್ಕದಲ್ಲಿ ಒಬ್ಬ ಕೆಲಸಗಾರ. ಇನ್ನೊಬ್ಬ ಆಗಲೇ ಒಳಗಿಳಿದಿದ್ದ.

“ಭಾವ, ಅವರನ್ನ ಮೇಲೆ ಕರೀರಿ!”

“ಯಾಕಮ್ಮ? ಕಾಗದದಲ್ಲಿ ಇರೋ ಹಾಗೇ ಮಾಡ್ತಿದೀವಲ್ಲ.”

“ಆ ಕಾಗದಾನೇ ತಪ್ಪು! ಗಾಳಿ ನೋಡಿದ್ರಾ?”

ಅವನು ಬಗ್ಗಿ ಕೂಗಿದ. ಒಳಗಿನಿಂದ ಉತ್ತರವಿಲ್ಲ. ಹಗ್ಗ ಪಕ್ಕದವನ ಕೈಗೆ ಕೊಟ್ಟು ಏಣಿಯ ಮೇಲೆ ಕಾಲಿಟ್ಟೇಬಿಟ್ಟ. ಅವಳು ಎರಡೂ ಕೈಯಿಂದ ಅವನ ಅಂಗಿ ಹಿಡಿದು ಜಗ್ಗಿದಳು.

“ಬಿಡು, ಅವನು ಸತ್ತುಹೋಗ್ತಾನೆ!”

“ಇಳಿದ್ರೆ ನೀವೂ ಸಾಯ್ತೀರ! ಹಗ್ಗ ಎಳೀರಿ ಭಾವ, ಎಳೀರಿ!”

ಮೂವರೂ ಸೇರಿ ಎಳೆದರು. ಸೊಂಟಕ್ಕೆ ಹಗ್ಗ ಬಿಗಿದಿದ್ದ ಮನುಷ್ಯ ನೀರಲ್ಲಿ ನೆನೆದ ಮೂಟೆಯಂತೆ ಭಾರವಾಗಿದ್ದ. ತೊಟ್ಟಿಯ ಬಾಯಿಗೆ ಅವನ ಭುಜ ಸಿಕ್ಕಿಕೊಂಡಾಗ ಅವಳು ಬಗ್ಗಿ ಅದನ್ನು ಓರೆ ಮಾಡಿದಳು. ಹೇಗೋ ಹೊರಗೆಳೆದು ಮಲಗಿಸಿದರು. ತುಟಿ ನೀಲಿ. ಯಾರೋ ಎದೆ ಒತ್ತಿದರು. ಎಷ್ಟು ಹೊತ್ತೋ, ಕೊನೆಗೊಮ್ಮೆ ಕೆಮ್ಮಿದ.

ಆಸ್ಪತ್ರೆಯಲ್ಲಿ ಅವನು ಚೇತರಿಸಿಕೊಂಡ. “ಸದ್ಯ, ಏನೂ ಆಗ್ಲಿಲ್ವಲ್ಲ. ಇದನ್ನ ದೊಡ್ಡದು ಮಾಡ್ಬೇಡಿ,” ಎಂದ ಮ್ಯಾನೇಜರ್. ಅವಳು ಯಾರನ್ನೂ ಕೇಳದೆ ಹೊಸ ಆವೃತ್ತಿಯನ್ನು ಮುಚ್ಚಿ, ಹಳೆಯದನ್ನೇ ಮತ್ತೆ ತೆರೆದು, ಶೆಡ್ಡಿನಿಂದ ಶೆಡ್ಡಿಗೆ ತಿರುಗಿ ಅಂದಿನ ಪ್ರಿಂಟುಗಳನ್ನು ಹರಿದಳು. ಇನ್ನೂ ಎಲ್ಲೋ, ಯಾರದೋ ಜೇಬಿನಲ್ಲಿ ಒಂದು ಉಳಿದಿದೆ ಎಂಬ ಭಯ ಮಾತ್ರ ಹೋಗಲಿಲ್ಲ. ಆಮೇಲೆ ಆಯಾ ವಿಭಾಗದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪುಟ ಪುಟವನ್ನೂ ತಾಳೆ ನೋಡಿಯೇ ಸಾಗಿಸಿದಳು. ಈ ಸಲ ಯಾರೂ ನಗಲಿಲ್ಲ.

ಆ ವಾರ ಅಕ್ಕನ ಮನೆಗೆ ಹೋದಾಗ ಅಕ್ಕ ಅನ್ನ ಬಡಿಸುತ್ತಾ ಕೇಳಿದಳು:

“ಇವರೂ ಒಳಗೆ ಇಳೀತಿದ್ರಂತಲ್ಲ, ಹೌದೇನೇ?”

“ಇಲ್ಲಕ್ಕ. ಹಗ್ಗ ಹಿಡ್ಕೊಂಡಿದ್ರು, ಅಷ್ಟೇ.”

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ.