ಪರದೆಯ ಹಿಂದೆ ಕೂತವರ ಸಿನಿಮಾ

ಆಗೆಲ್ಲ ಹುಮನಾಬಾದಿನ ಬಯಲು ಸಿನಿಮಾಕ್ಕೆ ಎರಡು ಮಗ್ಗುಲುಗಳಿದ್ದವು. ವರ್ಷಕ್ಕೆ ಒಂದೆರಡು ಸಲ ಪ್ರಚಾರದ ವ್ಯಾನು ಬಂದು, ಗಂಜಿನ, ಅಂದರೆ ಕಾಳಿನ ಪೇಟೆಯ, ಬಯಲಲ್ಲಿ ಎರಡು ಬಿದಿರುಗಳ ನಡುವೆ ಬಿಳಿ ಪರದೆ ಕಟ್ಟುತ್ತಿತ್ತು. ಪರದೆಯ ಮುಂದೆ ಬೇಳೆ ಮಿಲ್ಲಿನ ಸಾವುಕಾರರ ಕುರ್ಚಿಗಳು, ಅವುಗಳ ಹಿಂದೆ ಅಂಗಡಿಕಾರರಿಗೆ ಹಾಸಿದ ತಾಡಪತ್ರಿ. ಪರದೆಯ ಆಚೆ ಬದಿಗೆ, ಬರೀ ನೆಲದ ಮೇಲೆ, ಹಮಾಲರು, ಮಿಲ್ಲಿನ ಹೆಂಗಸರು ಮತ್ತು ನಾವು. ಹೀಗೇ ಕೂಡಬೇಕೆಂದು ಯಾರೂ ಹೇಳಿದ್ದಿಲ್ಲ, ಹೇಳುವ ಪ್ರಸಂಗವೇ ಬಂದಿರಲಿಲ್ಲ. ತೆಳುವಾದ ಬಟ್ಟೆಯಲ್ಲಿ ಚಿತ್ರ ನಮ್ಮ ಕಡೆಗೂ ಹಾಯುತ್ತಿತ್ತು, ಆದರೆ ಉಲ್ಟಾ. ನಮ್ಮ ಸಿನಿಮಾದಲ್ಲಿ ಎಲ್ಲರೂ ಎಡಗೈಯಿಂದ ಉಣ್ಣುತ್ತಿದ್ದರು. ಅದನ್ನು ನೋಡಿ ನಗುವುದೇ ನಮಗೆ ಒಂದು ಆಟ.

ಅಪ್ಪ ರಹೀಮ್ ಸಾಹೇಬರ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಮನೆಗೆ ಬಂದರೆ ಮೈಯಿಂದ ಸೀಮೆಎಣ್ಣೆ, ಶಾಯಿ ಎರಡರ ವಾಸನೆಯೂ ಬರುತ್ತಿತ್ತು. ಬಸವಕಲ್ಯಾಣದವರೂ ಮದುವೆಯ ಕಾರ್ಡು ಮಾಡಿಸಲು ಅವನ ಬಳಿಗೇ ಬರುತ್ತಿದ್ದರು. ಇಂಗ್ಲಿಷಿನ ಕಾರ್ಡನ್ನೂ ಒಂದು ತಪ್ಪಿಲ್ಲದೆ ಜೋಡಿಸುತ್ತಿದ್ದ. ಅಪ್ಪನಿಗೆ ಇಂಗ್ಲಿಷು ಬರುತ್ತದೆಂದು ನಾನು ಶಾಲೆಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ಒಂದು ದಿನ ಸಾವುಕಾರರ ತಂಗಿಯ ಮಗ, ಗುಲಬರ್ಗಾದಲ್ಲಿ ಕಾಲೇಜು ಕಲಿಯುವವನು, ನಡುಬೀದಿಯಲ್ಲಿ ಅಪ್ಪನನ್ನು ನಿಲ್ಲಿಸಿ, ಅಪ್ಪನೇ ಜೋಡಿಸಿದ ಕಾರ್ಡನ್ನು ಮುಂದೆ ಹಿಡಿದು ಅರ್ಥ ಕೇಳಿದ. ಅಪ್ಪ ನಕ್ಕು, ಅಕ್ಷರ ಜೋಡಿಸುವುದಷ್ಟೇ ತನಗೆ ಬರುವುದು ಎಂದ. ಸುತ್ತಲಿನವರೂ ನಕ್ಕರು. ನಾನು ಒಂಬತ್ತನೆಯ ತರಗತಿಯವಳು, ಅಲ್ಲೇ ನಿಂತಿದ್ದೆ. ಸಿಟ್ಟು ಆ ಹುಡುಗನ ಮೇಲೆ ಬರಲಿಲ್ಲ, ಅಪ್ಪನ ಮೇಲೆ ಬಂತು. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆ.

ಅದೇ ಚಳಿಗಾಲ, ಎಳ್ಳಮಾವಾಸ್ಯೆಯ ಮಾರನೆಯ ದಿನ ವ್ಯಾನು ಬಂತು. ಉಳಿದ ಭಜ್ಜಿ, ಸಜ್ಜೆ ರೊಟ್ಟಿ ಗಂಟು ಕಟ್ಟಿಕೊಂಡು ಅಪ್ಪನೂ ನಾನೂ ಹೋಗಿ ನಮ್ಮ ಜಾಗದಲ್ಲಿ ಕೂತೆವು. ಈ ಸಲ ಯಾವುದೋ ದೂರದೇಶದ ಸಿನಿಮಾ. ಮಾತು ಒಂದೂ ತಿಳಿಯದು, ಕೆಳಗೆ ಇಂಗ್ಲಿಷಿನ ಸಾಲುಗಳು ಮೂಡಿ ಮಾಯವಾಗುತ್ತಿದ್ದವು. ತೆರೆಯ ಮೇಲೆ ಬೆಳ್ಳಗೆ ಹಿಮ ಸುರಿದಾಗ ಮಿಲ್ಲಿನ ಹೆಂಗಸರು ಅದನ್ನು ಅರಳೆ ಎಂದೇ ತಿಳಿದು, ಇಷ್ಟು ಹತ್ತಿಯನ್ನು ಬೀದಿಗೆ ಚೆಲ್ಲಿದವರು ಯಾರೆಂದು ಮರುಗಿದರು. ಆ ಅರಳೆಯ ನಡುವೆ ಒಂದು ದೊಡ್ಡ ಕಣಜ, ಅದಕ್ಕೊಬ್ಬ ದಪ್ಪ ಮಾಲೀಕ. ಬಾಗಿಲ ಹೊರಗೆ ಕೂಸುಗಳನ್ನು ಎತ್ತಿಕೊಂಡು ನಿಂತ ಆಳುಗಳು. ಒಳಗೆ ಮಾಲೀಕನ ನಾಯಿಗಳು ತಾಟಿನಲ್ಲಿ ಉಣ್ಣುತ್ತಿದ್ದವು.

ಕತೆ ಬಿಡಿಸಿ ಹೇಳಲು ಸಾವುಕಾರರು ಆ ಕಾಲೇಜಿನ ಸೋದರಳಿಯನ ಕೈಗೆ ಮೈಕು ಕೊಡಿಸಿದ್ದರು. ಅವನು, ಈ ಮಾಲೀಕ ದೊಡ್ಡ ಧರ್ಮಾತ್ಮ, ಹಬ್ಬದ ದಿನ ಹಂಚಲು ಕಾಳು ಕೂಡಿಟ್ಟಿದ್ದಾನೆ, ಹೊರಗೆ ನಿಂತವರು ಮೈಗಳ್ಳರು, ಕದಿಯಲು ಬಂದಿದ್ದಾರೆ ಎಂದ. ಸಾವುಕಾರರು ತಲೆದೂಗಿದ್ದು ಪರದೆಯ ಅಂಚಿನಿಂದ ನನಗೆ ಕಂಡಿತು.

ನಮ್ಮ ಪಕ್ಕ ಶರಣಮ್ಮ ಕೂತಿದ್ದಳು. ಸಾವುಕಾರರ ಮಿಲ್ಲಿನಲ್ಲೇ ಬೇಳೆ ಹಸನು ಮಾಡುವವಳು. "ಧರ್ಮಾತ್ಮ ಇದ್ರ ಕೀಲಿ ಯಾಕ ಹಾಕಾಕತ್ತಾನ?" ಎಂದು ಗೊಣಗಿ ಅಪ್ಪನ ಕಡೆ ತಿರುಗಿದಳು. "ತಮ್ಮಾ, ನೀ ಅಕ್ಷರದಾಂವ. ಖರೇ ಏನ್ ಬರದಾರ ನೋಡು."

ನಮ್ಮ ಕಡೆ ಅಕ್ಷರಗಳೆಲ್ಲ ಹಿಂದುಮುಂದು. ಆದರೆ ಅಚ್ಚಿನ ಮೊಳೆ ಇರುವುದೇ ಹಾಗೆ. ಅಪ್ಪ ಇಪ್ಪತ್ತು ವರ್ಷ ಓದಿದ್ದು ಉಲ್ಟಾ ಅಕ್ಷರವನ್ನೇ. ಸರಸರನೆ ಓದಿದ: "ದೆ ಆರ್ ಹಂಗ್ರಿ." ಓದಿ ನನ್ನ ಕಡೆ ನೋಡಿದ.

"ನನಗ ಓದಾಕ ಬರ್ತದ. ಅರ್ಥ ನೀ ಹೇಳವ್ವಾ."

ಆಚೆ ತಾಡಪತ್ರಿಯ ಮೇಲೆ ರಹೀಮ್ ಸಾಹೇಬರು ಕೂತಿದ್ದರು. ಅವರ ಅರ್ಧ ಛಪಾಯಿ ಕೆಲಸ ಸಾವುಕಾರರದ್ದು. ನಾನು ಬಾಯಿ ತೆರೆದರೆ ನಾಳೆ ಅಪ್ಪನಿಗೆ ಕೆಲಸವಿಲ್ಲ. ಅಪ್ಪನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ, ಹೇಳು ಎಂದ.

"ಹಸದಾರ ಅಂತ," ಎಂದೆ. ಮುಂದಿನ ಸಾಲು ಬಂತು: "ಲೆಟ್ ದೆಮ್ ವೇಟ್." ಕಾಯಲಿ ಅನ್ನುತ್ತಿದ್ದಾನೆ ಮಾಲೀಕ ಎಂದೆ. ಆಮೇಲೆ ತಡೆಯಲಿಲ್ಲ. ಅಪ್ಪ ಓದಿದಂತೆಲ್ಲ ನಾನು ಹೇಳುತ್ತ ಹೋದೆ. ತಿಳಿಯದ ಮಾತು ಬಂದರೆ ಹಾರಿಸಿಬಿಟ್ಟೆ, ಮಿಕ್ಕಿದ್ದನ್ನು ಶರಣಮ್ಮ ಮುಖ ನೋಡಿಯೇ ಪೂರ್ತಿ ಮಾಡಿದಳು. ಆ ಮಾಲೀಕನಂಥವರ ಮುಖ ಓದಲು ಅವಳಿಗೆ ಯಾವ ಭಾಷೆಯೂ ಬೇಕಿರಲಿಲ್ಲ.

ಮೈಕಿನ ಧ್ವನಿ ಏರಿತು, ನಮ್ಮದೂ ಏರಿತು. ಧರ್ಮಾತ್ಮನ ಕತೆ ಚಿತ್ರಕ್ಕೆ ತಾಳೆಯಾಗದೆ ಮುಂದಿನವರು ಚಡಪಡಿಸಿದರು. ಮೊದಲು ಒಬ್ಬ ಅಂಗಡಿಕಾರ ಪರದೆ ಸುತ್ತಿ ಈಚೆ ಬಂದ, ಹಿಂದೆಯೇ ನಾಲ್ವರು, ಆಮೇಲೆ ತಾಡಪತ್ರಿಯೇ ಎದ್ದು ಬಂತು. ಕೊನೆಗೆ ರಹೀಮ್ ಸಾಹೇಬರು ಬಂದು ಎದುರಿಗೆ ನಿಂತರು. ಅಪ್ಪ ಓದುವುದನ್ನು ನಿಲ್ಲಿಸಿದ. ಸಾಹೇಬರು ಶೇರವಾನಿ ಮಡಚಿಕೊಂಡು ನೆಲದ ಮೇಲೆ ಕೂತರು.

"ಯಾಕ ನಿಲ್ಲಿಸಿದ್ರಿ? ಓದ್ರಿ. ಖರೇ ಮಾತು ಅಲ್ಲಿ ಕೇಳಸವಲ್ದು."

ಆಳುಗಳು ಕಣಜದ ಕೀಲಿ ಒಡೆದಾಗ ನಮ್ಮ ಕಡೆ ಎದ್ದ ಕೂಗಿಗೆ ಗಂಜಿನ ಪಾರಿವಾಳಗಳೆಲ್ಲ ಹಾರಿದವು. ನಾನು ಎದ್ದು ಇಣುಕಿದೆ. ಪರದೆಯ ಮುಂದೆ ಸಾವುಕಾರರು, ಅಳಿಯ ಮತ್ತು ಮೈಕು, ಮೂವರೇ ಉಳಿದಿದ್ದರು.

ಮರುದಿನವೇ ಸಾವುಕಾರರು ತಮ್ಮ ಛಪಾಯಿಯನ್ನೆಲ್ಲ ಬೇರೆ ಕಡೆ ಒಯ್ದರು. ರಹೀಮ್ ಸಾಹೇಬರು ಅಪ್ಪನನ್ನು ಕೆಲಸದಿಂದ ಬಿಡಿಸಲಿಲ್ಲ. ಎರಡು ತಿಂಗಳಲ್ಲಿ ಅದೇ ಕೆಲಸ ತಿರುಗಿ ಬಂತು, ಇಂಗ್ಲಿಷನ್ನು ತಪ್ಪಿಲ್ಲದೆ ಜೋಡಿಸುವವರು ಸಾವುಕಾರರಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಹೊತ್ತು ತಂದವನು ಆ ಅಳಿಯನೇ. ಅಪ್ಪ ಅವನಿಗೆ ಚಹಾ ತರಿಸಿದ. ಮುಂದಿನ ಸಲ ವ್ಯಾನು ಬಂದಾಗ ಶರಣಮ್ಮ ಯಾರನ್ನೂ ಕೇಳದೆ ಪರದೆಯ ಮುಂದೆ ಹೋಗಿ ಕೂತಳು, ಮಿಲ್ಲಿನವರೆಲ್ಲ ಅವಳ ಹಿಂದೆ. ಏಳಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಈಗ ಅಪ್ಪನಿಲ್ಲ. ಮೊಳೆಗಳನ್ನು ಕರಗಿಸಿ ಮಾರಿ ಎಷ್ಟೋ ಕಾಲವಾಯಿತು. ನಾನು ಇಂಗ್ಲಿಷ್ ಮೇಡಂ ಆಗಿ ನಿವೃತ್ತಳೂ ಆದೆ. ಆ ಮಾಲೀಕನಂಥವರ ಕತೆಗಳು ಎಲ್ಲ ದೇಶಗಳಿಂದಲೂ ಟೀವಿಯಲ್ಲಿ ಮನೆಯೊಳಗೇ ಬರುತ್ತವೆ. ಯಾವುದು ಬಂದರೂ ಯಾರ ನೆರವೂ ಇಲ್ಲದೆ, ಒಬ್ಬಳೇ ಕೂತು ಪೂರ್ತಿ ತಿಳಿದುಕೊಳ್ಳಬಲ್ಲೆ. ನಾನು ಕಳೆದುಕೊಂಡದ್ದು ಆ ನೆರವನ್ನೇ.