ಕೆರೆಗೆ ಬಿದ್ದ ಗಂಡಭೇರುಂಡ

ಸರ್ಕಾರಿ ಕಾಗದದ ಮೇಲೆ ರಾಜ್ಯಲಾಂಛನ ಕಂಡರೆ ಈಗಲೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ.

ಹೊಸ ಮೈಸೂರು ರಾಜ್ಯವಾದ ವರ್ಷ, ಶಿಡ್ಲಘಟ್ಟದ ಮೆರವಣಿಗೆಗೆ ನಮ್ಮೂರು ಮೇಲೂರಿನಿಂದ ಒಂದು ಗಂಡಭೇರುಂಡ ಹೋಗಲೇಬೇಕೆಂದು ಚಿಕ್ಕಪ್ಪ ಹಟ ಹಿಡಿದರು. ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ಲಾಂಛನದ ಅರ್ಥ ಬಿಡಿಸಿದೆ: ಎರಡು ತಲೆ ಅಂದರೆ ಎರಡರಷ್ಟು ಬಲ, ಅಕ್ಕಪಕ್ಕದ ಗಜಕೇಸರಿಗಳಲ್ಲಿ ಸಿಂಹದ ಧೈರ್ಯ, ಆನೆಯ ವಿವೇಕ.

"ಆನೆ ಸಿಂಹ ಆಮೇಲೆ ನೋಡಣ. ಈಗ ಹಕ್ಕಿ ಸಾಕು ಕಣಪ್ಪ," ಅಂದರು ಚಿಕ್ಕಪ್ಪ.

ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಆಳೆತ್ತರದ ಎರಡು ಚಂದ್ರಿಕೆಗಳು ರೆಕ್ಕೆಗಳಾದವು. ಕಾಗದ ಅಂಟಿಸಿ, ಬಣ್ಣ ಬಳಿದು, ಎತ್ತಿನ ಗಾಡಿಯ ಮೇಲೆ ನಿಲ್ಲಿಸಿದೆವು. ಅಂಗಳದಲ್ಲಿ ಒಣಗಿಸುವಾಗ ಚಂದ್ರಿಕೆ ಗಾಳಿಗೆ ಹಾರದಂತೆ ಗುಂಡುಕಲ್ಲಿಗೆ ಕಟ್ಟುವುದು ನಮ್ಮ ರೂಢಿ. ಗಾಡಿಯಲ್ಲಿ ಕಲ್ಲಿರಲಿಲ್ಲ. ಚಿಕ್ಕಪ್ಪ ಹಕ್ಕಿಗೆ ಕಟ್ಟಿದ ಹಗ್ಗವನ್ನು ತಮ್ಮ ಸೊಂಟಕ್ಕೇ ಬಿಗಿದುಕೊಂಡು ಹಕ್ಕಿಯ ಹಿಂದೆ ನಿಂತರು.

ಕೆರೆ ಏರಿಯ ಮೇಲೆ ಗಾಳಿ ಬೀಸಿತು. ರೆಕ್ಕೆಗಳು ಉಬ್ಬಿದವು. ಹಿಂದೆ ನಡೆದು ಬರುತ್ತಿದ್ದ ನನ್ನ ಕಣ್ಣೆದುರೇ ಹಕ್ಕಿ ಗಾಡಿಯಿಂದ ಕಿತ್ತುಕೊಂಡು, ಚಿಕ್ಕಪ್ಪನನ್ನೂ ಎಳೆದುಕೊಂಡು, ತುಂಬಿದ ಕೆರೆಗೆ ಬಿತ್ತು. ಚಿಕ್ಕಪ್ಪನಿಗೆ ಈಜು ಬಾರದು. ನೀರಿನ ಮೇಲೆ ಹಕ್ಕಿ ಮಾತ್ರ ಕಾಣುತ್ತಿತ್ತು, ಅವರಿಲ್ಲ. ಆ ಗಳಿಗೆ ಇಂದಿಗೂ ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ನಡೆಯುತ್ತದೆ.

ಹಗ್ಗದ ಉಳಿದ ತುದಿ ಏರಿಯ ಮೇಲೆ ಸರಸರನೆ ಜಾರುತ್ತಿತ್ತು. ಗಾಡಿಯ ಮುಂಭಾಗದಲ್ಲಿ ಕೂತಿದ್ದ ಚಿಕ್ಕಮ್ಮ ಧುಮುಕಿ ಅದರ ಮೇಲೆ ಕೂತೇಬಿಟ್ಟರು.

"ಏನೋ ನೋಡ್ತಾ ನಿಂತಿದ್ದೀಯ? ಎಳಿಯೋ!"

ಇಬ್ಬರೂ ಎಳೆದೆವು. ಹಕ್ಕಿ ಮಗುಚಿತು, ಅದರ ಬೆನ್ನಿಗೆ ಅಂಟಿಕೊಂಡಂತೆ ಚಿಕ್ಕಪ್ಪ ಮೇಲೆ ಬಂದು, ಕೆಮ್ಮಿ, ನೀರು ಉಗುಳಿದರು. ಬಿದಿರು ತೇಲುತ್ತಿದ್ದುದರಿಂದ ದಡದವರೆಗೂ ಅದರ ಮೇಲೇ ಬಂದರು.

"ರೆಕ್ಕೆ ಮುರೀತೇನೇ?" ಇದು ಅವರ ಮೊದಲ ಮಾತು.

"ಹಕ್ಕಿಗೆ ಎರಡು ತಲೆ ಮಾಡಿದ್ರಿ, ನಿಮಗೆ ಒಂದೂ ಉಳಿಸ್ಕೊಳ್ಳಲಿಲ್ವಲ್ಲ!" ಅಂದ ಚಿಕ್ಕಮ್ಮ, ಅಲ್ಲೇ ಕೂತು ನಕ್ಕು ನಕ್ಕು ಅತ್ತರು.

ಚಿಕ್ಕಪ್ಪ ಮನೆಗೆ ಮರಳಲು ಒಪ್ಪಲಿಲ್ಲ. ಚಿಕ್ಕಮ್ಮ ಹಕ್ಕಿಯನ್ನು ಗಾಡಿಯ ಮೇಲೆ ಮತ್ತೆ ನೆಟ್ಟಗೆ ನಿಲ್ಲಿಸಲು ಒಪ್ಪಲಿಲ್ಲ. ಹೀಗಾಗಿ ಶಿಡ್ಲಘಟ್ಟದ ಬೀದಿಯಲ್ಲಿ ನಮ್ಮ ಗಂಡಭೇರುಂಡ ಅಂಗಾತ ಮಲಗಿಕೊಂಡೇ ಮೆರೆಯಿತು. ಮಹಡಿಯ ಮೇಲಿದ್ದವರಿಗೆ ಮಾತ್ರ ಪೂರ್ತಿ ಕಂಡಿತು. ಅವರು ಚಪ್ಪಾಳೆ ತಟ್ಟಿದರು. ಒದ್ದೆ ಪಂಚೆಯ ಚಿಕ್ಕಪ್ಪ ಎರಡೂ ಕಡೆಗೆ ಕೈ ಮುಗಿಯುತ್ತ ಗಾಡಿಯ ಪಕ್ಕದಲ್ಲಿ ನಡೆದರು. ಅವರ ಅಂಗಿಯ ತುದಿ ಚಿಕ್ಕಮ್ಮನ ಮುಷ್ಟಿಯಲ್ಲಿತ್ತು.