ಪೀಟರ್ ಸಾಹೇಬರ ರೆಗ್ಯುಲೇಟರ್

ಕಾಳಿ ಡ್ಯಾಮಿನ ನೀರಿಗಿಳಿದು ಗೇಟು ರಿಪೇರಿ ಮಾಡುವವನು ನಾನು. ಆದರೆ ಅದೇ ಕೆಲಸಕ್ಕೆಂದು ವಿದೇಶದಿಂದ ಬಂದು ನನ್ನ ಜೊತೆಗೇ ಮುಳುಗುತ್ತಿದ್ದ ಪೀಟರ್ ಸಾಹೇಬರು ತಮ್ಮ ರೆಗ್ಯುಲೇಟರ್ ಬಿಚ್ಚಲು ಕೊಟ್ಟಿದ್ದು ಪಂಪ್‌ಹೌಸಿನ ಫಿಟರ್ ಬಸಣ್ಣನಿಗೆ. ನೀರಿನಡಿ ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಸಾಮಾನು ಅದು.

ಸಾಹೇಬರ ದೇಶದಲ್ಲಿ ಅದರ ಸರ್ವಿಸಿಗೆ ನಂಬಿಗಸ್ತ ಅಂಗಡಿ ಇತ್ತಂತೆ. ಅಂಬಿಕಾನಗರದ ಕ್ವಾರ್ಟರ್ಸಿಗೆ ಬಂದಮೇಲೆ ಗೋವಾಕ್ಕೆ ಕಳಿಸಿ ನೋಡಿದರು. ಮೊದಲಿಗಿಂತ ಜಾಸ್ತಿ ಗಾಳಿ ಸೋರುತ್ತ ವಾಪಸ್ ಬಂತು. ಕೊನೆಗೆ ಬಿಡಿಭಾಗ ತರಿಸಿ ಬಸಣ್ಣನಿಗೇ ಕೆಲಸ ಕಲಿಸಿದರು. ಮೊಣಕಾಲುದ್ದ ನೀರಿಗೂ ಇಳಿಯದ ಬಸಣ್ಣನಿಗೆ! ಅವನನ್ನು 'ಡಾಕ್ಟರ್' ಎಂದು ಕರೆಯತೊಡಗಿದಾಗಂತೂ ನನಗೆ ಊಟವೇ ಸೇರಲಿಲ್ಲ.

ಒಂದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಸಾಹೇಬ್ರ, ದಿನಾ ನಿಮ್ಮ ಜೋಡಿ ಮುಳುಗಾಂವ ನಾನು. ಅವಂಗ್ಯಾಕ ಕೊಡ್ತೀರಿ?"

ಸಾಹೇಬರು ಮುರುಕು ಹಿಂದಿಯಲ್ಲಿ ವಿವರಿಸಿದರು: ಸ್ವಲ್ಪ ಸೋರಿದರೆ ನೀನು 'ನಡೀತದೆ' ಅಂತ ನೀರಿಗೆ ಹಾರುತ್ತೀ. ಅವನಿಗೆ ನೀರೆಂದರೆ ಜೀವಭಯ. ಬಕೆಟ್ಟಿನಲ್ಲಿ ಅದ್ದಿದಾಗ ಒಂದೇ ಗುಳ್ಳೆ ಎದ್ದರೂ ಮತ್ತೆ ಎಲ್ಲ ಬಿಚ್ಚುತ್ತಾನೆ.

ಹೊಗಳಿದರೋ ಬೈದರೋ ತಿಳಿಯಲಿಲ್ಲ. ನನ್ನ ರೆಗ್ಯುಲೇಟರೂ ಮೊನ್ನೆಯಿಂದ ಸುಯ್ ಅನ್ನುತ್ತಿದ್ದುದು ಮಾತ್ರ ನೆನಪಾಯಿತು.

ಸಂಜೆ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಬಸಣ್ಣನ ಮನೆಗೆ ಹೋದೆ. ಅವನು ಬಕೆಟ್ಟಿನಿಂದ ತಲೆ ಎತ್ತದೆಯೇ ಅಂದ:

"ಅಲ್ಲೇ ಇಡೋ. ಸಾಹೇಬ್ರದು ಮುಗೀಲಿ, ಆಮ್ಯಾಲ ನಿಂದು ನೋಡ್ತೇನಿ."